ಮಾರಿದವರ ಹಗ್ಗ

ಸುಳ್ಳು ಹೇಳುವುದಕ್ಕೂ ಸ್ವಲ್ಪ ತಯಾರಿ ಬೇಕು. ಸುರಪುರದ ಒಂದು ಸರ್ಕಾರಿ ಕಚೇರಿಯ ಗುಮಾಸ್ತ ಮೌನಪ್ಪ ಯಾವ ತಯಾರಿಯೂ ಇಲ್ಲದೆ, ಒಂದು ಮಂಗಳವಾರ ಮಧ್ಯಾಹ್ನ, ಉಂಡ ರೊಟ್ಟಿ ಇನ್ನೂ ಹೊಟ್ಟೆಯಲ್ಲಿ ಸರಿಯಾಗಿ ಕೂರುವ ಮೊದಲೇ, ತನಗೆ ಗಿಟಾರ್ ಬಾರಿಸಲು ಬರುತ್ತದೆ ಎಂದು ಹೇಳಿಬಿಟ್ಟ. ಯಾವ ಕಚೇರಿ ಎಂದು ಮಾತ್ರ ಕೇಳಬೇಡಿ. ಅಲ್ಲಿದ್ದವರ ಮಕ್ಕಳು ಮೊಮ್ಮಕ್ಕಳು ಈಗಲೂ ಮರ್ಯಾದೆಯಿಂದ ಬಾಳುತ್ತಿದ್ದಾರೆ.

ಕನ್ನಡನಾಡು ಒಂದಾಗಿ ವರ್ಷ ತುಂಬಲು ಬಂದಿದ್ದ ಕಾಲ ಅದು. ಉರ್ದು ಕಾಗದಗಳೆಲ್ಲ ಕೆಂಪು ಬಟ್ಟೆಯಲ್ಲಿ ಗಂಟು ಕಟ್ಟಿಸಿಕೊಂಡು ಅಟ್ಟ ಸೇರಿದ್ದವು. ನಿಜಾಮರ ಕಾಲದಲ್ಲಿ ಉರ್ದು ಕಲಿತು ಕೆಲಸಕ್ಕೆ ಸೇರಿದ್ದ ಮೌನಪ್ಪ ಈಗ ಕನ್ನಡದಲ್ಲಿ ಅರ್ಜಿ ಬರೆಯುವಾಗ ಪೆನ್ನನ್ನು ಒಮ್ಮೊಮ್ಮೆ ಬಲಗಡೆಯ ಅಂಚಿಗೆ ಒಯ್ದು, ಅಲ್ಲಿಂದ ನಾಚಿಕೊಂಡು ಎಡಕ್ಕೆ ತರುತ್ತಿದ್ದ. ಮೈಸೂರು ಸೀಮೆಯಿಂದ ಹೊಸ ಸಾಹೇಬರು ಬಂದಿದ್ದರು. ಅಲ್ಲಿಂದ ಒಬ್ಬರು ಇಲ್ಲಿಗೆ ಬಂದ ಮೇಲೆ ಇಲ್ಲಿಂದ ಒಬ್ಬರು ಅಲ್ಲಿಗೆ ಹೋಗಬೇಕಲ್ಲ? ಹೋಗುವವರ ಪಟ್ಟಿಯಲ್ಲಿ ಮೌನಪ್ಪನ ಹೆಸರಿತ್ತು. ಊರು ಚಾಮರಾಜನಗರ. ಹೆಸರನ್ನು ಇನ್ನೂ ಪೆನ್ಸಿಲಿನಲ್ಲಿ ಬರೆದಿದ್ದರು ಎಂಬುದೊಂದೇ ಅವನಿಗೆ ಉಳಿದಿದ್ದ ಸಮಾಧಾನ.

ಸುದ್ದಿ ಕೇಳಿದ ಹೆಂಡತಿ ಮಲ್ಲಿಕಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆಯೇ ತೀರ್ಪು ಕೊಟ್ಟಿದ್ದಳು.

"ಅಲ್ಲಿ ಜ್ವಾಳದ ರೊಟ್ಟಿನೇ ಇಲ್ಲಂತ. ಮುದ್ದಿ ಮಾಡಿ ನುಂಗತಾರಂತ, ಹಲ್ಲಿಗಿ ಕೆಲಸಾನೇ ಇಲ್ಲಂತ. ನೀವು ಹೋಗ್ರಿ, ನುಂಗ್ರಿ. ನಾ ಮಾತ್ರ ಬರಂಗಿಲ್ಲ."

ಮದುವೆಯಾಗಿ ಎರಡೇ ವರ್ಷ. ಹೆಂಡತಿಯನ್ನು ಬಿಟ್ಟಿರುವುದು ಮೌನಪ್ಪನಿಂದ ಆಗದ ಮಾತು. ಅದನ್ನು ಅವಳಿಗೆ ಬಾಯಿಬಿಟ್ಟು ಹೇಳುವುದು ಇನ್ನೂ ಆಗದ ಮಾತು. ಹೀಗಾಗಿ ಅವನು ಆ ಪೆನ್ಸಿಲ್ ಅಕ್ಷರಗಳನ್ನು ಅಳಿಸುವ ದಾರಿಯನ್ನೇ ಹಗಲೂ ರಾತ್ರಿ ಯೋಚಿಸುತ್ತಿದ್ದ.

ಆ ಮಂಗಳವಾರ ಸಾಹೇಬರು ಸೊಂಟದ ಮೇಲೆ ಕೈಯಿಟ್ಟುಕೊಂಡು ಹೊರಗೆ ಬಂದರು. ಅವರು ಯಾವಾಗಲೂ ಹಾಗೆಯೇ ಬರುತ್ತಿದ್ದರು. ಮೈಸೂರಿನಿಂದ ಲಾರಿಯಲ್ಲಿ ಬಂದಿದ್ದ ಅವರ ಗಾದಿಯ ಹತ್ತಿ ದಾರಿಯುದ್ದಕ್ಕೂ ಕುಲುಕಿ ಉಂಡೆಯುಂಡೆಯಾಗಿತ್ತು. ಎರಡು ತಿಂಗಳಿಂದ ಅವರಿಗೆ ನೆಟ್ಟಗೆ ನಿದ್ರೆಯಿರಲಿಲ್ಲ.

"ನವೆಂಬರ್ ಒಂದನೇ ತಾರೀಕು ಸಮಾರಂಭ ಮಾಡ್ಬೇಕು ಕಣ್ರಿ" ಎಂದರು. "ನಿಮ್ಮಲ್ಲಿ ಯಾರಿಗಾದ್ರೂ ವಾದ್ಯ ಬರುತ್ತಾ? ಕಲಾವಿದರು ಇದ್ರೆ ಹೇಳಿ. ಅಂಥವರನ್ನ ನಾನು ಬೇರೆ ಊರಿಗೆ ಬಿಟ್ಟುಕೊಡಲ್ಲ."

ಹೆಡ್ ಗುಮಾಸ್ತ ಬಸವಂತ್ರಾಯ ಎಲ್ಲರಿಗಿಂತ ಮೊದಲು ಎದ್ದು, "ನನಗ ತಬಲಾ ಬರತದರಿ" ಎಂದ. ಸಾಹೇಬರು ತಕ್ಷಣ ಪಕ್ಕದ ಮಠದಿಂದ ತಬಲಾ ತರಿಸಿ ಅವನ ಮುಂದಿಟ್ಟರು. ಬಸವಂತ್ರಾಯ ಅದನ್ನು ಬಾರಿಸಿದ ರೀತಿಗೆ ಮಠದ ಆಳು ನಡುವೆಯೇ ಬಂದು ತಬಲಾ ಎತ್ತಿಕೊಂಡು ಹೋದ.

ಇದನ್ನು ನೋಡಿ ಮೌನಪ್ಪನ ಬುದ್ಧಿ ಎಂದೂ ಇಲ್ಲದಷ್ಟು ಚುರುಕಾಯಿತು. ಊರಲ್ಲಿರುವ ವಾದ್ಯದ ಹೆಸರು ಹೇಳಿದರೆ ಕೆಟ್ಟೆ. ಊರಲ್ಲೇ ಇಲ್ಲದ ವಾದ್ಯ ಬೇಕು. ಹಿಂದೊಮ್ಮೆ ಇಲಾಖೆಯ ಪರೀಕ್ಷೆಗೆಂದು ಹೈದರಾಬಾದಿಗೆ ಹೋದಾಗ ಅಂಗಡಿಯೊಂದರ ಗಾಜಿನ ಕಪಾಟಿನಲ್ಲಿ ತೂಗುಬಿಟ್ಟಿದ್ದ ಒಂದು ವಸ್ತು ಅವನಿಗೆ ನೆನಪಾಯಿತು.

"ನನಗ ಗಿಟಾರ್ ಬರತದರಿ ಸರ."

ಸಾಹೇಬರು ಅವನನ್ನು ಒಂದು ಗಳಿಗೆ ದಿಟ್ಟಿಸಿ ನೋಡಿದರು.

"ಗಿಟಾರಾ? ಎಷ್ಟು ವರ್ಷದಿಂದ?"

"ಮೂರು ವರ್ಷ ಆತ್ರಿ."

"ಎಲ್ಲಿದೆ, ತನ್ನಿ ನೋಡೋಣ."

"ರಿಪೇರಿಗಿ ಹೋಗ್ಯಾದರಿ. ಯಾದಗಿರಿಗಿ."

"ಒಳ್ಳೇದಾಯ್ತು. ಒಂದನೇ ತಾರೀಕು ನೀವೇ ನುಡಿಸಿ. ಪಟ್ಟಿ ಮಾರನೇ ದಿನ ಕಳಿಸ್ತೀನಿ."

ಸುಳ್ಳಿಗೆ ಇನ್ನು ಇಪ್ಪತ್ತು ದಿನದ ಆಯುಷ್ಯವಿತ್ತು. ಅಷ್ಟರಲ್ಲಿ ಒಂದು ಗಿಟಾರ್ ಕೊಳ್ಳಬೇಕು, ಅದನ್ನು ಯಾವ ಕಡೆಯಿಂದ ಹಿಡಿಯುವುದೆಂದು ತಿಳಿಯಬೇಕು. ಕೊಳ್ಳುವ ಮಾತು ಬಂದಾಗ ಮೌನಪ್ಪನಿಗೆ ಹೊಳೆಯುತ್ತಿದ್ದುದು ಒಂದೇ ಹೆಸರು: ದೇವಾಪುರದ ಸೋದರಮಾವ ಮರಿಲಿಂಗಪ್ಪ. ಎತ್ತಿನ ಪರೀಕ್ಷೆಯಲ್ಲಿ ಮರಿಲಿಂಗಪ್ಪನನ್ನು ಮೀರಿಸುವವರು ಸುತ್ತ ಹತ್ತು ಹಳ್ಳಿಯಲ್ಲಿರಲಿಲ್ಲ. ಕೆಂಭಾವಿಯ ಸಂತೆಯಲ್ಲಿ ಅವನು ತಲೆಯಾಡಿಸದೆ ಒಂದು ಕರುವೂ ಕೈ ಬದಲಾಗುತ್ತಿರಲಿಲ್ಲ. ಮೌನಪ್ಪನ ಸೈಕಲ್ಲು, ಕಬ್ಬಿಣದ ಟ್ರಂಕು, ಹೆಂಡತಿ, ಮೂರೂ ಮರಿಲಿಂಗಪ್ಪ ನೋಡಿ ಒಪ್ಪಿದವೇ. ಮೂರರಲ್ಲೂ ಈವರೆಗೆ ದೂರು ಬಂದಿರಲಿಲ್ಲ.

"ಮಾಮಾ, ಗಿಟಾರ್ ಅಂದ್ರ ಏನು ಗೊತ್ತದೇನು?"

"ಗೊತ್ತಿಲ್ಲ. ಗೊತ್ತಿರಬೇಕಂತ ಏನದಲೇ? ತಗೊಳ್ಳೂದಕ್ಕ ಕಣ್ಣಿದ್ರ ಸಾಕು. ಕಾಲು ಎಷ್ಟದಾವ?"

"ಕಾಲಿಲ್ಲ. ಕುತ್ತಿಗಿ ಅದ, ಹೊಟ್ಟಿ ಅದ."

"ಅಷ್ಟಿದ್ರ ನಾ ನೋಡತೀನಿ ನಡಿ."

ಯಾದಗಿರಿಯಲ್ಲಿ ವಹಾಬ ಎಂಬ ರೈಲ್ವೆ ಗಾರ್ಡ್ ಇದ್ದಾನೆ, ಹಿಂದೆ ಅಲ್ಲಿದ್ದ ಇಂಗ್ಲಿಷ್ ಗಾರ್ಡ್ ತನ್ನ ದೇಶಕ್ಕೆ ಹೊರಟಾಗ ಎರಡು ಗಿಟಾರುಗಳನ್ನು ಅವನಿಗೆ ಬಿಟ್ಟುಹೋಗಿದ್ದಾನೆ ಎಂಬ ಸುದ್ದಿ ಬಸ್ಸಿನ ಕಂಡಕ್ಟರನಿಂದ ಸಿಕ್ಕಿತು. ಮುಂದಿನ ಭಾನುವಾರ ಮಾವ ಅಳಿಯ ಇಬ್ಬರೂ ಯಾದಗಿರಿ ಸ್ಟೇಷನ್ನಿನ ಹಿಂದಿನ ಕ್ವಾರ್ಟರ್ಸಿಗೆ ಹೋಗಿ ನಿಂತರು. ಮೌನಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ. ಮರಿಲಿಂಗಪ್ಪ ಸಂತೆಗೆ ಹೋಗುವ ಹಾಗೆ ಹೆಗಲ ಮೇಲೆ ಟವೆಲು, ಕಂಕುಳಲ್ಲಿ ಒಂದು ಗಂಟು ಇಟ್ಟುಕೊಂಡಿದ್ದ.

ವಹಾಬ ಒಳ್ಳೆಯ ಮನುಷ್ಯ. ಡ್ಯೂಟಿಗೆ ಹೊರಡುವ ಅವಸರದಲ್ಲಿದ್ದರೂ ಎರಡನ್ನೂ ತಂದು ಚೌಕಿಯ ಮೇಲೆ ಮಲಗಿಸಿದ. ಒಂದು ಕೆಂಪಗೆ, ಮುಖ ಕಾಣುವಷ್ಟು ಹೊಳೆಯುತ್ತಿತ್ತು. ಇನ್ನೊಂದು ಮಂಕು ಬಣ್ಣದ್ದು, ಸ್ವಲ್ಪ ಸಣ್ಣದು. ಮೌನಪ್ಪನ ಕೈ ತಾನಾಗಿಯೇ ಕೆಂಪಿನ ಕಡೆ ಹೋಯಿತು. ಮರಿಲಿಂಗಪ್ಪ ಆ ಕೈಯ ಮೇಲೊಂದು ಏಟು ಕೊಟ್ಟ.

"ಬಣ್ಣ ನೋಡಿ ಕೈ ಹಾಕತಿಯಲ್ಲ, ನಿಮ್ಮಪ್ಪಂದೂ ಇದೇ ಚಾಳಿ."

ಆಮೇಲೆ ಪರೀಕ್ಷೆ ಶುರುವಾಯಿತು. ಮರಿಲಿಂಗಪ್ಪ ಮೊದಲು ಎರಡನ್ನೂ ಒಂದು ಸುತ್ತು ಹಾಕಿದ. ಹಿಂದೆ ನಿಂತು ಬೆನ್ನು ನೋಡಿದ. ಹೊಟ್ಟೆಯ ಮೇಲೆ ಬೆರಳ ಗಂಟಿನಿಂದ ಅಲ್ಲಲ್ಲಿ ಬಡಿದು ಕಿವಿಗೊಟ್ಟ. ನಡುವಿನ ತೂತಿನೊಳಗೆ ಕೈ ಹಾಕಿ, ಹಲ್ಲು ಎಷ್ಟಾಗಿವೆ ಎಂದು ಹುಡುಕಿ, ಇಲ್ಲವೆಂದು ಗೊತ್ತಾದಾಗ ವಹಾಬನನ್ನು ಅನುಮಾನದಿಂದ ನೋಡಿದ. ಕೊನೆಗೆ ಒಂದು ಕಣ್ಣು ಮುಚ್ಚಿ ಕುತ್ತಿಗೆಯ ಉದ್ದಕ್ಕೂ ದೃಷ್ಟಿ ಹಾಯಿಸಿದ.

"ಈ ಕೆಂದ ಬ್ಯಾಡ. ಕುತ್ತಿಗಿ ಹತ್ರ ಮರದಾಗ ಸುಳಿ ಕೆಟ್ಟದ್ದದ. ಇದು ಒಂದು ಕಡಿ ಎಳೀತದ, ನೊಗಕ್ಕ ಸರಿ ನಿಲ್ಲಂಗಿಲ್ಲ. ಈ ಮಂಕ ಸಣ್ಣದಾದ್ರೂ ಬೆನ್ನು ಸೀದಾ ಅದ. ಹೊಸಬನ ಕೈಗಿ ಸಾಧು."

ವಹಾಬ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ.

"ವಾಹ್ ಯಜಮಾನ್ರ! ಬರೋಬ್ಬರಿ ಹೇಳಿದ್ರಿ. ಕೆಂಪಂದು ಕುತ್ತಿಗಿ ಟೇಢಾ, ಸೊಟ್ಟ ಆಗ್ಯಾದ. ತಂತಿ ಮರಾ ಬಿಟ್ಟು ಮ್ಯಾಲ ನಿಂತಾವ, ನಯಾ ಕಲಿಯೋರು ಒತ್ತಿದ್ರ ಬೆರಳು ಹರೀತಾವ. ಇದ್ರಾಗ ನೋಡ್ರಿ, ತಂತಿ ಮರಕ್ಕ ಹತ್ರ ಅದಾವ. ತೊಡಿ ಮ್ಯಾಲೂ ಆರಾಮ ಕೂಡತದ. ನೀವು ಎಷ್ಟು ವರ್ಷದಿಂದ ಬಾರಸ್ತೀರಿ?"

"ಬಾರಸೂದಾ?" ಎಂದ ಮರಿಲಿಂಗಪ್ಪ. "ನಾ ಬರೇ ಎತ್ತು ನೋಡಾಂವ."

ಅಂದಿನಿಂದ ಮೌನಪ್ಪನ ಪಾಲಿಗೆ ಮಾವನ ಮಾತೆಂದರೆ ಕಾನೂನು. ಆಮೇಲೆ ನಡೆದದ್ದಕ್ಕೆಲ್ಲ ಈ ನಂಬಿಕೆಯೇ ಕಾರಣ.

ಬೆಲೆ ಟವೆಲಿನ ಅಡಿಯಲ್ಲಿ, ಬೆರಳು ಬೆರಳು ಹಿಡಿದು ತೀರ್ಮಾನವಾಯಿತು. ಹಾಗೆ ವ್ಯಾಪಾರ ಮಾಡಿ ಗೊತ್ತಿಲ್ಲದ ವಹಾಬನಿಗೆ ಮೊದಲು ಕಚಗುಳಿಯಾಯಿತು, ಆಮೇಲೆ ಒಪ್ಪಿಗೆಯಾಯಿತು. ದೂರದಲ್ಲಿ ಇಂಜಿನ್ನು ಕೂಗಿತು. ವಹಾಬ ಹಸಿರು ಬಾವುಟ ಕೈಗೆತ್ತಿಕೊಳ್ಳುವಷ್ಟರಲ್ಲಿ ಮರಿಲಿಂಗಪ್ಪ ನೆಲದ ಮೇಲೆ ಕೂತು ಗಿಟಾರಿನ ಕಿವಿಗಳನ್ನು ಒಂದೊಂದಾಗಿ ತಿರುವಿ ಆರೂ ತಂತಿಗಳನ್ನು ಬಿಚ್ಚಿದ. ಅವುಗಳನ್ನು ನೀಟಾಗಿ ಸುತ್ತಿ, ಎರಡೂ ಕೈಯಲ್ಲಿ ಹಿಡಿದು, ವಹಾಬನಿಗೆ ಕೊಟ್ಟು ನಮಸ್ಕಾರ ಮಾಡಿದ.

"ಇದ್ಯಾಕ್ರಿ?" ವಹಾಬ ಕಂಗಾಲಾದ.

"ಮಾರಿದವರ ಹಗ್ಗ ನಾವು ಒಯ್ಯಂಗಿಲ್ರಿ. ಹಗ್ಗದ ಕೂಡ ನಿಮ್ಮ ಮನಿ ಲಕ್ಷ್ಮಿ ಹೊಂಟು ಬರತಾಳ. ನಿಮ್ಮ ಹಟ್ಟಿ ಬರಿದು ಮಾಡಿ ನಾವೆಲ್ಲಿ ಉದ್ಧಾರ ಆಗಬೇಕು? ನಮ್ಮ ಹಗ್ಗ ನಾವು ತಂದೀವಿ."

ಇಂಜಿನ್ನು ಇನ್ನೊಮ್ಮೆ ಕೂಗಿತು. ಹೊಸ ತಂತಿ ತಂದಿದ್ದಾರೆಂದು ತಿಳಿದ ವಹಾಬ, "ಅಚ್ಛಾ ಆತು, ಇವು ಹಳೇವು" ಎನ್ನುತ್ತ ಸುರುಳಿಯನ್ನು ಜೇಬಿಗೆ ಹಾಕಿಕೊಂಡು ಓಡಿದ. ಮರಿಲಿಂಗಪ್ಪ ಗಂಟು ಬಿಚ್ಚಿ, ಕೆಂಪು ಬಣ್ಣ ಹಾಕಿದ ಹೊಸ ಪುಂಡಿನಾರಿನ ಹಗ್ಗ ತೆಗೆದು ಗಿಟಾರಿನ ಕುತ್ತಿಗೆಗೆ ಕಟ್ಟಿದ. ರೈತನ ಮಗನಾದ ಮೌನಪ್ಪನಿಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ. ಕೊಟ್ಟವನ ಹಗ್ಗ ತರುವುದೇ? ಛೆ!

ದಾರಿಯಲ್ಲಿ ಶಹಾಪುರದಲ್ಲಿ ಬಸ್ಸು ನಿಂತಾಗ ಜನ ಕಿಟಕಿಗೆ ಮುತ್ತಿ ಇದೇನು ಎಂದು ಕೇಳಿದರು. ಮರಿಲಿಂಗಪ್ಪ ಹಗ್ಗದ ತುದಿಯನ್ನು ಬಿಗಿಯಾಗಿ ಹಿಡಿದು, "ಹೊಸದು. ಇನ್ನಾ ಹೂಡಿಲ್ಲ" ಎಂದಷ್ಟೇ ಹೇಳಿದ. ಮನೆಯಲ್ಲಿ ಮಲ್ಲಿಕಮ್ಮ ಬಾಗಿಲಲ್ಲೇ ತಡೆದು, ಅದರ ಬುಡಕ್ಕೆ ನೀರು ಹಾಕಿ, ಆರತಿ ಎತ್ತಿ ಒಳಗೆ ಕರೆದುಕೊಂಡಳು.

ಆ ಸಂಜೆ ಮೌನಪ್ಪ ಬಾಗಿಲು ಹಾಕಿಕೊಂಡು ಬಾರಿಸಲು ಕುಳಿತ. ಬೆರಳು ಗಾಳಿಯಲ್ಲಿ ಆಡಿತು. ಗಿಟಾರ್ ಬಾಯಿ ತೆರೆದುಕೊಂಡು ಸುಮ್ಮನೆ ಅವನನ್ನೇ ನೋಡಿತು. ಮಾವ ಬಿಚ್ಚಿಕೊಟ್ಟದ್ದು ಏನನ್ನು ಎಂಬುದು ಮೌನಪ್ಪನಿಗೆ ಆಗ ಹೊಳೆಯಿತು.

ಅವನು ಹೆದರಿದನೇ? ಹೆದರಿದ. ಯಾದಗಿರಿಗೆ ಇನ್ನೊಮ್ಮೆ ಹೋದರೆ ವಹಾಬ ಡ್ಯೂಟಿಯ ಮೇಲೆ ಎಲ್ಲೋ ಹೋಗಿದ್ದ, ಮನೆಗೆ ಬೀಗವಿತ್ತು. ಸೈಕಲ್ ಬ್ರೇಕಿನ ತಂತಿ ಕಟ್ಟಿ ಬಿಗಿದರೆ ಗಿಟಾರಿನ ಒಂದು ಕಿವಿ ಮುರಿದು ಕೈಗೆ ಬಂತು. ಕೃಷ್ಣೆಯ ದಂಡೆಯ ಮೀನುಗಾರರಿಂದ ತಂದ ದಾರ ಕಟ್ಟಿದರೆ ಸದ್ದು ಬರಲಿಲ್ಲ, ವಾಸನೆ ಮಾತ್ರ ಬಂತು. ಓಣಿಯ ಬೆಕ್ಕುಗಳೆಲ್ಲ ಎರಡು ದಿನ ಅವನ ಬಾಗಿಲಲ್ಲಿ ಕಾದವು. ಕಚೇರಿಯಲ್ಲಿ ಬಸವಂತ್ರಾಯ ದಿನಕ್ಕೊಮ್ಮೆ ಬಂದು, "ಅಲ್ಲಿ ಥಂಡಿ ಹೆಂಗದಂತೋ ಮೌನಪ್ಪ, ಚಾಮರಾಜನಗರದಾಗ?" ಎಂದು ವಿಚಾರಿಸಿ ಹೋಗುತ್ತಿದ್ದ.

ನೋಡನೋಡುತ್ತ ಒಂದನೇ ತಾರೀಕು ಬಂತು. ಬೆಳಿಗ್ಗೆ ಎದ್ದಾಗ ಗಿಟಾರಿನಲ್ಲಿ ಒಂದು ತಂತಿಯೂ ಇರಲಿಲ್ಲ. ಮಲ್ಲಿಕಮ್ಮ ಚಹಾ ತಂದಿಟ್ಟು, "ಆ ಹತ್ತಿ ಹಿಂಜೂ ಜಮಾಲಸಾಬ ಕೆಂಭಾವಿ ಮಗಳ ಮನಿಯಿಂದ ನಿನ್ನೆ ಬಂದಾನಂತ. ಅವನ ಬಿಲ್ಲಿಗಿ ಒಂದು ತಂತಿ ಇರತದಲ್ರಿ" ಎಂದಳು. ಹೇಳುತ್ತಲೇ ಅವನ ಚಪ್ಪಲಿ ತಂದು ಮುಂದಿಟ್ಟಳು. ಮುದ್ದೆಯ ಊರಿಗೆ ಇವನೊಬ್ಬನೇ ಹೋಗುವುದು ಅವಳಿಗೂ ಬೇಕಾಗಿರಲಿಲ್ಲ ಎಂದು ಮೌನಪ್ಪನಿಗೆ ಆಗ ಗೊತ್ತಾಯಿತು. ಅವನು ಚಹಾ ಬಿಟ್ಟು ಓಡಿದ.

ಜಮಾಲಸಾಬ ದಸರೆ ಮುಗಿದ ಮೇಲೆ ಮೊದಲ ಬಾರಿಗೆ ಓಣಿ ತಿರುಗಲು ಹೊರಟಿದ್ದ. ಎಲ್ಲ ಕೇಳಿಕೊಂಡು ತನ್ನ ಆಳೆತ್ತರದ ಬಿಲ್ಲಿನಿಂದ ಕರುಳಿನ ತಂತಿ ಬಿಚ್ಚಿದ.

"ಒಂದೇ ಅದರಿ ನನ್ನ ಹತ್ರ. ಸಂಜೀ ಹೊತ್ತಿಗಿ ವಾಪಸ್ ಬೇಕು. ನಾನೂ ಬರತೀನಿ, ಮುಂದ ಕುಂಡರತೀನಿ. ಕಡದರ ನನ್ನ ರೊಟ್ಟಿ ಹೋತು."

ಸಮಾರಂಭ ಸಂಜೆ ನಾಲ್ಕಕ್ಕೆ, ಶಾಲೆಯ ಅಂಗಳದಲ್ಲಿ. ಗಂಡಸರು ಬೆಂಚುಗಳ ಮೇಲೆ ಕುಳಿತಿದ್ದರು. ಭಾಷಣ ಕೇಳಿ ತಮಗೇನು ಎಂದು ಹೆಂಗಸರು ಮನೆಯಲ್ಲೇ ಉಳಿದಿದ್ದರು. ನಾಲ್ಕು ಭಾಷಣ ಮುಗಿದ ಮೇಲೆ ಬಸವಂತ್ರಾಯ ಬಹಳ ಸಂತೋಷದಿಂದ ಎದ್ದು, "ಈಗ ಮೂರು ವರ್ಷದಿಂದ ಸಾಧನಾ ಮಾಡಿದ ಮೌನಪ್ಪನವರಿಂದ ಗಿಟಾರ್" ಎಂದು ಕೂಗಿದ.

ಮೌನಪ್ಪ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡ. ಕುತ್ತಿಗೆಗೆ ಕೆಂಪು ಹಗ್ಗ, ಹೊಟ್ಟೆಯ ಮೇಲೆ ಒಂದೇ ಒಂದು ತಂತಿ. ಬೆರಳಿನಿಂದ ಮೀಟಿದ. ಅವನಿಗೇ ಕೇಳಿಸಲಿಲ್ಲ. ಮತ್ತೆ ಮೀಟಿದ. ಮುಂದಿನ ಸಾಲಿನಲ್ಲಿದ್ದ ಜಮಾಲಸಾಬನಿಗೆ ತಡೆಯಲಾಗಲಿಲ್ಲ.

"ಬೆರಳಿಗಿ ಎಲ್ಲಿ ಮಾತಾಡತದರಿ ಅದು? ಕೊಡತಿಲೆ ಹೊಡೀರಿ, ಕೊಡತಿಲೆ!" ಎಂದು ಬಿಲ್ಲಿನ ತಂತಿಗೆ ಹೊಡೆಯುವ ತನ್ನ ಮರದ ಕೊಡತಿಯನ್ನೇ ವೇದಿಕೆಗೆ ಎಸೆದ.

ಮೌನಪ್ಪ ಕಣ್ಣು ಮುಚ್ಚಿ ಹೊಡೆದ. ಠೊಂಯ್! ಗೋಡೆಯ ಮೇಲಿನ ಪಾರಿವಾಳಗಳೆಲ್ಲ ಎದ್ದವು. ಠೊಂಯ್, ಠೊಂಯ್, ಠಠಠೊಂಯ್! ಇಡೀ ಓಣಿಗೆ ಕೇಳಿಸಿತು. ಮೌನಪ್ಪನಿಗೆ ಧೈರ್ಯ ಬಂತು. ಅವನು ಕಣ್ಣು ತೆರೆಯದೆ ಬಾರಿಸುತ್ತಲೇ ಹೋದ.

ಮೊದಲು ಬಂದವಳು ಶಾಲೆಯ ಪಕ್ಕದ ಮನೆಯ ಸೂಗಮ್ಮ. ತಲೆಯ ಮೇಲೆ ಸುತ್ತಿದ ಗಾದಿ, ಕಂಕುಳಲ್ಲಿ ಎರಡು ತಲೆದಿಂಬು. "ಜಮಾಲಸಾಬ, ಎಷ್ಟು ದಿನಾ ಕಾಯಿಸ್ತಿಯೋ! ಚಳಿಗಾಲ ಬಂತು, ನನ್ನ ಗಾದಿ ಮೊದಲು!" ಎನ್ನುತ್ತ ಬಂದವಳು ಅದನ್ನು ಸಾಹೇಬರ ಕಾಲಬುಡದಲ್ಲೇ ಧೊಪ್ಪೆಂದು ಇಳಿಸಿದಳು. ಅವಳ ಹಿಂದೆ ಇನ್ನೊಬ್ಬಳು. ಆಮೇಲೆ ಆ ಓಣಿ, ಈ ಓಣಿ. ಠೊಂಯ್ ಎಂದರೆ ಹಿಂಜುವವನು ಬಂದ ಎಂದಲ್ಲದೆ ಆ ಊರಿನಲ್ಲಿ ಬೇರೆ ಅರ್ಥವೇ ಇರಲಿಲ್ಲ. ಗಾದಿಗಳು ಬೆಂಚಿನ ಮೇಲೆ ಬಿದ್ದವು, ಭಾಷಣಕಾರರ ಮೇಲೂ ಬಿದ್ದವು. ಮೌನಪ್ಪ ಕಣ್ಣು ತೆರೆದಾಗ ಎದುರಿಗೆ ಮಲ್ಲಿಕಮ್ಮನೇ ನಿಂತಿದ್ದಳು. ಗಂಡನ ಕಾರ್ಯಕ್ರಮವೆಂಬುದನ್ನು ಗಡಿಬಿಡಿಯಲ್ಲಿ ಮರೆತು ಅವಳೂ ಮನೆಯ ಗಾದಿ ಹೊತ್ತು ಬಂದಿದ್ದಳು.

ಎಲ್ಲರಿಗಿಂತ ಕೊನೆಗೆ ಬಂದವನು ಸಾಹೇಬರ ಮನೆಯ ಜವಾನ. ಅವನ ತಲೆಯ ಮೇಲೆ ಮೈಸೂರಿನ ಗಾದಿ. ಹಿಂದೆ ಸಾಹೇಬರ ಹೆಂಡತಿ.

"ರೀ, ಎರಡು ತಿಂಗಳಿಂದ ಇವನನ್ನೇ ಕಾಯ್ತಿದ್ದೆ ಕಣ್ರಿ! ಎಲ್ಲಿದಾನೆ?"

ಕೈ ತಡೆದ ಮೌನಪ್ಪನನ್ನು ಸೂಗಮ್ಮ ಗದರಿಸಿದಳು: "ಯಾಕ ನಿಲ್ಲಿಸಿದ್ಯೋ? ಹಿಂಜು!" ಜಮಾಲಸಾಬ ಎದ್ದು ವೇದಿಕೆ ಹತ್ತಿ ಗಿಟಾರಿನಿಂದ ತನ್ನ ತಂತಿ ಬಿಚ್ಚಿಕೊಂಡು ಬಿಲ್ಲಿಗೆ ಕಟ್ಟಿದ. ಕತ್ತಲಾಗುವವರೆಗೂ ಶಾಲೆಯ ಅಂಗಳದಲ್ಲಿ ಹತ್ತಿ ಹಾರಿತು. ತೋರಣದ ಮೇಲೆ ಹತ್ತಿ, ಬಾವುಟದ ಮೇಲೆ ಹತ್ತಿ. ಸಾಹೇಬರು ಮೀಸೆಗೆ ಹತ್ತಿ ಹತ್ತಿಸಿಕೊಂಡೇ ಮನೆಗೆ ಹೋದರು. ಬಸವಂತ್ರಾಯ ಮೌನಪ್ಪನ ಕಿವಿಯ ಹತ್ತಿರ ಬಂದು, "ಕಂಬಳಿ ಕಟ್ಟಿಕೋ" ಎಂದ.

ಮಾರನೇ ದಿನ ಬೆಳಿಗ್ಗೆ ಕರೆ ಬಂತು. ಸಾಹೇಬರ ಮುಂದೆ ಪಟ್ಟಿ ಇತ್ತು, ಪಕ್ಕದಲ್ಲಿ ಪೆನ್ನೂ ಇತ್ತು. ಆದರೆ ಅವರ ಕೈ ಸೊಂಟದ ಮೇಲಿರಲಿಲ್ಲ.

"ಗಿಟಾರಿಗೆ ಎಷ್ಟು ತಂತಿ ಮೌನಪ್ಪ?"

"ಆರು ರೀ ಸರ."

"ನಿನ್ನೆ ಎಷ್ಟಿತ್ತು?"

"ಒಂದು ರೀ."

"ಉಳಿದ ಐದು?"

"ಆರೂ ಯಾದಗಿರಿದಾಗ ಅದಾವ್ರಿ. ಇದು ಜಮಾಲಸಾಬಂದು."

"ಬೆಂಗಳೂರಲ್ಲಿ ಓದೋವಾಗ ನನ್ನ ರೂಮಿನವನು ಗಿಟಾರ್ ನುಡಿಸ್ತಿದ್ದ ಕಣ್ರಿ. ನೀವು ಬಾಯಿಬಿಟ್ಟ ದಿನಾನೇ ನನಗೆ ಗೊತ್ತಾಯ್ತು. ಎಲ್ಲಿವರೆಗೆ ಹೋಗ್ತೀರಿ ನೋಡೋಣ ಅಂತ ಸುಮ್ಮನಿದ್ದೆ. ಅಲ್ಲ, ವಾದ್ಯ ಕೊಂಡವರು ತಂತಿ ಬಿಟ್ಟು ಬರ್ತಾರೇನ್ರಿ?"

ಮೌನಪ್ಪನಿಗೆ ಇನ್ನು ಸುಳ್ಳು ಹೇಳುವ ಶಕ್ತಿಯಿರಲಿಲ್ಲ. ಮೂರು ವರ್ಷದ ಸಾಧನೆ ಬೂದಿಯಾಗಲಿ, ಮಲ್ಲಿಕಮ್ಮನ ಮುಖ ಕಣ್ಣ ಮುಂದಿತ್ತು.

"ನಮ್ಮ ಮಾವ ಎತ್ತು ನೋಡಾವ್ರಿ ಸರ. ಮಾರಿದವರ ಹಗ್ಗ ತರಬಾರದು, ಅವರ ಹಟ್ಟಿ ಬರಿದಾಗತದ ಅಂತ ಬಿಚ್ಚಿ ಕೊಟ್ಟ ಬಂದ. ನನಗೂ ಹೌದು ಅನಿಸ್ತ್ರಿ. ನನಗ ಗಿಟಾರ್ ಬರಂಗಿಲ್ರಿ. ಹೆಂಡ್ತಿ ಬಿಟ್ಟು ಹೋಗಲಿಕ್ಕೂ ಬರಂಗಿಲ್ರಿ. ಅದಕ್ಕ ಅಂದೆ."

ಸಾಹೇಬರು ನಗಲು ಬಾಯಿ ತೆರೆದವರು ಹಾಗೇ ನಿಂತರು. ಪಕ್ಕದಲ್ಲಿದ್ದ ಪೆನ್ನನ್ನು ಆಚೆ ಸರಿಸಿದರು.

"ನಮ್ಮಪ್ಪ ಮಂಡ್ಯದ ಕಡೆ ಬೇಸಾಯಗಾರ ಕಣ್ರಿ" ಎಂದರು. ದನಿ ಬೇರೆಯಾಗಿತ್ತು. "ಅವರೂ ತರ್ತಿರಲಿಲ್ಲ. ಹೊಸ ಹಗ್ಗ ಮನೆಯಿಂದಲೇ ತಗೊಂಡು ಹೋಗೋರು. ಈ ಮಾತನ್ನ ಇಷ್ಟು ದೂರ ಬಂದು ಕೇಳ್ತೀನಿ ಅಂದ್ಕೊಂಡಿರಲಿಲ್ಲ."

ಹಿಂದಿನ ದಿನದ ನಾಲ್ಕು ಭಾಷಣಗಳಲ್ಲಿ ಆಗದ ಏಕೀಕರಣ ಆ ಕೋಣೆಯಲ್ಲಿ, ಯಾರೂ ಚಪ್ಪಾಳೆ ತಟ್ಟದೆ ಆಗಿಹೋಯಿತು. ಸಾಹೇಬರು ಡ್ರಾಯರಿನಿಂದ ರಬ್ಬರು ತೆಗೆದು ಪಟ್ಟಿಯ ಮೇಲೆ ಉಜ್ಜಿದರು.

"ನನ್ನ ಹೆಂಡತಿ ನಿನ್ನೆ ಗೊರಕೆ ಹೊಡೆದಳು. ನಿಮ್ಮನ್ನ ಕಳಿಸಿದ್ರೆ ನಾನು ಮನೆಗೆ ಹೋಗೋ ಹಾಗಿಲ್ಲ. ಇಲ್ಲೇ ಇರಿ. ತಂತಿ ಬೆಂಗಳೂರಿಂದ ನಾನು ತರಿಸ್ತೀನಿ, ಹೊಸವು. ಮುಂದಿನ ವರ್ಷ ನಿಜವಾಗಿ ನುಡಿಸ್ಬೇಕು."

ತಂತಿಗಳು ಹದಿನೈದು ದಿನದಲ್ಲಿ ಅಂಚೆಯಲ್ಲಿ ಬಂದವು. ಹೊಸ ಹಗ್ಗವೆಂದು ಮರಿಲಿಂಗಪ್ಪನೇ ದೇವಾಪುರದಿಂದ ಬಂದು, ಮುರಿದ ಕಿವಿಯ ಜಾಗಕ್ಕೆ ಜಾಲಿಯ ಗೂಟ ಕೆತ್ತಿ ಕೂರಿಸಿ, ಆರನ್ನೂ ಮುಂದೆ ನಿಂತು ಕಟ್ಟಿಸಿದ. ಸಾಹೇಬರು ಕಾಗದದಲ್ಲಿ ಬರೆದುಕೊಟ್ಟ ಹಾಗೆ ಮೌನಪ್ಪ ಕಿವಿಗಳನ್ನು ತಿರುವಿ, ಎಡಗೈಯ ಮೂರು ಬೆರಳು ಒತ್ತಿ, ಬಲಗೈಯಿಂದ ಮೆಲ್ಲಗೆ ಎಳೆದ. ಆರೂ ತಂತಿ ಒಟ್ಟಿಗೆ ಮಾತಾಡಿದವು. ತಣ್ಣಗಿನ, ತುಂಬಿದ ನಾದ. ಅಂಥದ್ದನ್ನು ತನ್ನ ಕೈಯೇ ಮಾಡಿತೆಂದು ಅವನ ಕಣ್ಣಲ್ಲಿ ನೀರು ಬಂತು.

ಮಲ್ಲಿಕಮ್ಮ ಒಲೆಯ ಮುಂದಿನಿಂದ ಎದ್ದು ಬಂದಳು. ಗಂಡನನ್ನು ನೋಡಿದಳು. ಬಾಗಿಲಿಗೆ ಹೋಗಿ ಓಣಿಯ ಆ ತುದಿ ಈ ತುದಿ ನೋಡಿ ಬಂದಳು.

"ಯಾರೂ ಗಾದಿ ತಂದಿಲ್ಲಲ್ರಿ?"

"ಇಲ್ಲ."

"ಹಂಗಾರ ಇನ್ನಾ ಕಲೀಬೇಕು ನೀವು" ಎಂದು ಹೇಳಿ, ರೊಟ್ಟಿ ಸೀಯುತ್ತಿದೆಯೆಂದು ಒಳಗೆ ಹೋದಳು.